ನಿಮಗಿದು ಗೊತ್ತೆ? ಬೈಸಿಕೊಳ್ಳುವುದಕ್ಕೂ ತಾಲೀಮು!

ಅಮೆರಿಕದ ನ್ಯಾಶ್‌ವಿಲ್ ನಗರದ ಅಂಗಡಿಗಳಲ್ಲಿ ಕಪ್ಪುವರ್ಣೀಯರು ಸಾಮಾನು ಕೊಳ್ಳಬಹುದಿತ್ತು, ಅಲ್ಲಿನ ಕೌಂಟರಿನಲ್ಲಿ ಕೂತು ಉಣ್ಣುವಂತಿರಲಿಲ್ಲ. 1960ರ ಫೆಬ್ರುವರಿಯಲ್ಲಿ ಅಲ್ಲಿ ಧರಣಿ ಕೂತ ವಿದ್ಯಾರ್ಥಿಗಳು ಮೊದಲೇ ಚರ್ಚಿನಲ್ಲಿ ತಾಲೀಮು ನಡೆಸಿದ್ದರು. ಒಬ್ಬ ಕೂರಬೇಕು, ಮಿಕ್ಕವರು ಬೈದು, ತಳ್ಳಿ, ಮುಖಕ್ಕೆ ಸಿಗರೇಟಿನ ಹೊಗೆ ಬಿಟ್ಟು ಕೆಣಕಬೇಕು. ಸಿಟ್ಟು ಬರಲಿ, ಕೈ ಮಾತ್ರ ಏಳಕೂಡದು.

ಕಲಿಸಿದವರು ಜೇಮ್ಸ್ ಲಾಸನ್. ಗಾಂಧಿಮಾರ್ಗವನ್ನು ಅವರು ಹತ್ತಿರದಿಂದ ಅಭ್ಯಾಸ ಮಾಡಿದ್ದು ನಮ್ಮ ನಾಗಪುರದಲ್ಲಿದ್ದಾಗ!

ಏಪ್ರಿಲ್ 19ರಂದು ಚಳವಳಿಗಾರರ ವಕೀಲರ ಮನೆಗೆ ಬಾಂಬ್ ಬಿತ್ತು. ಸಾವಿರಾರು ಜನ ಮೌನವಾಗಿ ನಗರಸಭೆಗೆ ನಡೆದರು. ಬಣ್ಣ ನೋಡಿ ಭೇದ ಮಾಡುವುದು ತಪ್ಪಲ್ಲವೇ ಎಂದು ವಿದ್ಯಾರ್ಥಿನಿ ಡಯಾನ್ ನ್ಯಾಶ್ ಮೇಯರ್ ಬೆನ್ ವೆಸ್ಟ್ ಅವರನ್ನೇ ಕೇಳಿದರು. ರಾಜಕಾರಣಿ, ಜಾರಿಕೊಳ್ಳಬಹುದಿತ್ತು, ಹೌದೆಂದು ಒಪ್ಪಿಕೊಂಡರು. ಮೇ 10ರಂದು ಆರು ಅಂಗಡಿಗಳ ಕೌಂಟರುಗಳು ಎಲ್ಲರಿಗೂ ತೆರೆದವು.