ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ: ಸಾಮೂಹಿಕ ಭೂಮಿಯ ರಕ್ಷಣೆ ಮತ್ತು ಚಳವಳಿಯ ನಿರಂತರತೆ

ಇಪ್ಪತ್ತನೆಯ ಶತಮಾನದ ಎಂಬತ್ತರ ದಶಕವು ಕರ್ನಾಟಕದ ಜನಚಳವಳಿಗಳ ಇತಿಹಾಸದಲ್ಲಿ ಮಹತ್ವದ ಕಾಲಘಟ್ಟ. ದಲಿತ ಚಳವಳಿ, ರೈತ ಚಳವಳಿ, ಗೋಕಾಕ್ ಚಳವಳಿಗಳು ನಾಡಿನ ಸಾರ್ವಜನಿಕ ಬದುಕನ್ನು ಕಲಕಿದ ಆ ದಿನಗಳಲ್ಲಿಯೇ ಅಂದಿನ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮತ್ತೊಂದು ಹೋರಾಟ ರೂಪುಗೊಂಡಿತು. ದೊಡ್ಡ ಉದ್ಯಮವೊಂದು ಸರ್ಕಾರದ ಪಾಲುದಾರಿಕೆಯಲ್ಲಿ ಊರಿನ ಗುಡ್ಡ–ಬಯಲುಗಳನ್ನು ನೀಲಗಿರಿ ತೋಪಾಗಿ ಪರಿವರ್ತಿಸಲು ಹೊರಟಾಗ ಗ್ರಾಮಸ್ಥರು ನಡೆಸಿದ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹವೇ ಅದು. ಒಂದು ದಿನದ ಪ್ರತಿಭಟನೆಯಾಗಿ ಈ ಘಟನೆ ಹೆಸರಾಗಿದ್ದರೂ, ಅದರ ಹಿಂದೆ ಮುಂದೆ ಏಳು ವರ್ಷಗಳ ನಿರಂತರ ಪರಿಶ್ರಮವಿತ್ತು. ಹಣ, ಅಧಿಕಾರ, ಕಾನೂನು ಮೂರೂ ಎದುರುಪಕ್ಷದಲ್ಲಿದ್ದಾಗ ಅಂಥ ಚಳವಳಿಯೊಂದು ತನ್ನ ಕಸುವನ್ನು ಅಷ್ಟು ಕಾಲ ಉಳಿಸಿಕೊಂಡದ್ದು ಹೇಗೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಒಪ್ಪಂದದ ಸ್ವರೂಪ

1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರ ಹಾಗೂ ಬಿರ್ಲಾ ಉದ್ಯಮ ಸಮೂಹಕ್ಕೆ ಸೇರಿದ ಹರಿಹರ ಪಾಲಿಫೈಬರ್ಸ್ ನಡುವೆ ಒಂದು ಒಪ್ಪಂದವಾಯಿತು. ಅದರ ಫಲವಾಗಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ (ಕೆ.ಪಿ.ಎಲ್.) ಎಂಬ ಜಂಟಿ ವಲಯದ ಕಂಪನಿ ಹುಟ್ಟಿಕೊಂಡಿತು. ಇದರಲ್ಲಿ ಸರ್ಕಾರದ ಪಾಲು ಶೇ. 51, ಕಾರ್ಖಾನೆಯ ಪಾಲು ಶೇ. 49. ರೇಯಾನ್ ತಯಾರಿಕೆಗೆ ಬೇಕಾದ ತಿರುಳಿಗಾಗಿ ನೀಲಗಿರಿಯಂಥ ಬೇಗ ಬೆಳೆಯುವ ಮರಗಳನ್ನು ಬೆಳೆಸುವುದು ಕಂಪನಿಯ ಉದ್ದೇಶವಾಗಿತ್ತು. ಅದಕ್ಕಾಗಿ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಗುರುತಿಸಲಾಯಿತು. ಗುತ್ತಿಗೆಯ ಅವಧಿ 40 ವರ್ಷ. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಉತ್ಪನ್ನದ ಶೇ. 87.5ರಷ್ಟು ನೇರವಾಗಿ ಕಾರ್ಖಾನೆಗೆ ಸಲ್ಲಬೇಕಿತ್ತು, ಉಳಿದ ಶೇ. 12.5ನ್ನೂ ಕೊಳ್ಳುವ ಅವಕಾಶ ಅದಕ್ಕೇ ಇತ್ತು. ಬ್ಯಾಂಕುಗಳಿಂದ ಪಡೆಯುವ ಸಾಲಕ್ಕೆ ಸರ್ಕಾರವೇ ಖಾತರಿ ನಿಲ್ಲಲು ಒಪ್ಪಿತ್ತು.

ಇಷ್ಟು ವಿಸ್ತಾರವಾದ ಭೂಮಿಯನ್ನು ಖಾಸಗಿ ಕಂಪನಿಯೊಂದು ನೇರವಾಗಿ ಹೊಂದಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಆ ತೊಡಕನ್ನು ನಿವಾರಿಸಿದ್ದು ಜಂಟಿ ವಲಯವೆಂಬ ಸ್ವರೂಪ. ಸರ್ಕಾರದ ಪಾಲು ಹೆಚ್ಚಿದ್ದುದರಿಂದ ಕಾಗದದ ಮೇಲೆ ಅದು ಸಾರ್ವಜನಿಕ ಸಂಸ್ಥೆ. ಉತ್ಪನ್ನದ ಹಂಚಿಕೆಯನ್ನು ನೋಡಿದರೆ ಖಾಸಗಿ ಕಾರ್ಖಾನೆಯ ಮೀಸಲು ತೋಪು. ಚಳವಳಿಗಾರರು ಸರ್ಕಾರವನ್ನು ಮಧ್ಯಸ್ಥನೆಂದು ಭಾವಿಸುವಂತಿರಲಿಲ್ಲ. ಅದು ವ್ಯವಹಾರದ ಪಾಲುದಾರನೇ ಆಗಿತ್ತು.

ಸಾಮೂಹಿಕ ಭೂಮಿ ಮತ್ತು ಗ್ರಾಮಜೀವನ

ಕಂದಾಯ ದಾಖಲೆಗಳಲ್ಲಿ ಇಂಥ ಭೂಮಿಗೆ ಹಲವು ಹೆಸರುಗಳಿವೆ. ಗೋಮಾಳ, ಹುಲ್ಲುಬನ್ನಿ ಖರಾಬು, ಕೃಷಿಗೆ ಯೋಗ್ಯವಲ್ಲವೆಂದು ವರ್ಗೀಕರಿಸಿದ ‘ಸಿ’ ಮತ್ತು ‘ಡಿ’ ವರ್ಗದ ಭೂಮಿ ಮುಂತಾದವುಗಳೆಲ್ಲ ಸರ್ಕಾರದ ಒಡೆತನದಲ್ಲಿರುವಂಥವು. ಸಾಗುವಳಿಯಿಲ್ಲದ ಭೂಮಿಯೆಲ್ಲ ಸರ್ಕಾರದ್ದೆಂಬ ಈ ಕಲ್ಪನೆ ಬಲಗೊಂಡದ್ದು ಬ್ರಿಟಿಷ್ ಆಳ್ವಿಕೆಯಲ್ಲಿ. ಆದರೆ ಊರಿನ ಬಳಕೆಯಲ್ಲಿ ಇವು ಬಂಜರಲ್ಲ. ದನಕರು, ಕುರಿ–ಮೇಕೆಗಳ ಮೇವು, ಒಲೆಯ ಉರುವಲು, ನೇಗಿಲು–ಕುಂಟೆಗೆ ಬೇಕಾದ ಕಟ್ಟಿಗೆ, ಗುಡಿಸಲಿಗೆ ಹೊದಿಸುವ ಹುಲ್ಲು ಇವೆಲ್ಲ ದೊರಕುತ್ತಿದ್ದುದು ಅಲ್ಲಿಂದಲೇ. ಸ್ವಂತ ಜಮೀನು ಇಲ್ಲದವರಿಗೆ ಈ ಆಸರೆ ಮತ್ತಷ್ಟು ಅನಿವಾರ್ಯವಾಗಿತ್ತು.

ನೀಲಗಿರಿ ಈ ಅಗತ್ಯಗಳಲ್ಲಿ ಹೆಚ್ಚಿನವನ್ನು ಪೂರೈಸುವ ಮರವಲ್ಲ. ಅದರ ಸೊಪ್ಪನ್ನು ದನಗಳು ತಿನ್ನುವುದಿಲ್ಲ. ಬೇಲಿಯ ಖರ್ಚಿಲ್ಲದೆ ಬೆಳೆಯುತ್ತದೆಂದು ಬೆಳೆಸುವವರು ಮೆಚ್ಚಿದ ಗುಣವೇ ಮೇವನ್ನು ನಂಬಿದವರಿಗೆ ನಷ್ಟವಾಗಿ ಪರಿಣಮಿಸಿತು. 1983ರಲ್ಲಿಯೇ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಹುಣಿಸೆ ಮತ್ತು ಮಾವಿನ ಬೀಜಗಳನ್ನು ಬಿತ್ತಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಆರಂಭವಾಗಿತ್ತು. ಕುಸನೂರಿನ ಹೋರಾಟ ಈ ಎರಡೂ ಅನುಭವಗಳ ನೆರಳಿನಲ್ಲಿ ಬೆಳೆಯಿತು.

ನದಿಯಿಂದ ಗುಡ್ಡಕ್ಕೆ

ಕೆ.ಪಿ.ಎಲ್. ವಿರುದ್ಧದ ಹೋರಾಟಕ್ಕೆ ಪೂರ್ವಸಿದ್ಧತೆ ಬೇರೆಯದೇ ಪ್ರಶ್ನೆಯ ಮೂಲಕ ನಡೆದಿತ್ತು. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿರುವ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆಯ ನೀರು ಕೆಡುತ್ತಿದೆ, ಮೀನುಗಳು ಸಾಯುತ್ತಿವೆ ಎಂದು ನದಿ ದಂಡೆಯ ಹಳ್ಳಿಗಳಿಂದ ದೂರುಗಳು ಬಂದವು. ಎಸ್. ಆರ್. ಹಿರೇಮಠ ಅವರ ಮುಂದಾಳುತನದ ಸಮಾಜ ಪರಿವರ್ತನ ಸಮುದಾಯ ಈ ವಿಷಯವನ್ನು ಕೈಗೆತ್ತಿಕೊಂಡಿತು. 1984ರ ಅಕ್ಟೋಬರ್ 2ರಂದು ಕಾರ್ಖಾನೆಯ ಎದುರು ದೊಡ್ಡ ಪ್ರದರ್ಶನ ನಡೆಯಿತು. 1985ರ ಡಿಸೆಂಬರ್‌ನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವೈಫಲ್ಯವನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು.

ಹೀಗಾಗಿ ಭೂಮಿಯ ಹಸ್ತಾಂತರದ ಸಂಗತಿ ಬೆಳಕಿಗೆ ಬಂದಾಗ ಸಂಘಟನೆಯನ್ನು ಹೊಸದಾಗಿ ಕಟ್ಟಬೇಕಾಗಿರಲಿಲ್ಲ. ಕಾರ್ಯಕರ್ತರಿಗೆ ಕಾರ್ಖಾನೆಯ ಪರಿಚಯವಿತ್ತು, ಹಳ್ಳಿಗಳ ಸಂಪರ್ಕವಿತ್ತು, ನ್ಯಾಯಾಲಯದ ದಾರಿಯೂ ತಿಳಿದಿತ್ತು. ಒಂದು ಪ್ರಶ್ನೆಯಿಂದ ಗಳಿಸಿದ ಅನುಭವ ಮತ್ತೊಂದು ಪ್ರಶ್ನೆಗೆ ಬಂಡವಾಳವಾಯಿತು.

ನ್ಯಾಯಾಲಯ ಮತ್ತು ಕುಸನೂರು

1986ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಲಾಯಿತು. ಅದರ ಮೊದಲ ಸಹಿ ಡಾ. ಶಿವರಾಮ ಕಾರಂತರದು. ಆಗ ಅವರಿಗೆ 84 ವರ್ಷ. ಸಾಮೂಹಿಕ ಭೂಮಿಯನ್ನು ಕಂಪನಿಗೆ ವರ್ಗಾಯಿಸುವುದರಿಂದ ಗ್ರಾಮಸ್ಥರ ಜೀವನಾಧಾರವೇ ಕಸಿದುಹೋಗುತ್ತದೆ ಎಂಬುದು ಅರ್ಜಿದಾರರ ವಾದವಾಗಿತ್ತು. 1987ರ ಮಾರ್ಚ್ 24ರಂದು ನ್ಯಾಯಾಲಯ ಇನ್ನಷ್ಟು ಭೂಮಿಯ ವರ್ಗಾವಣೆಗೆ ತಡೆಯಾಜ್ಞೆ ನೀಡಿತು.

ಸಾಮಾನ್ಯವಾಗಿ ತಡೆಯಾಜ್ಞೆ ದೊರೆತೊಡನೆ ಹೋರಾಟದ ಬಿಸಿ ಆರುವುದುಂಟು. ವಿಷಯವು ವಕೀಲರ ಕೈಸೇರಿ ಜನರು ಪ್ರೇಕ್ಷಕರಾಗುತ್ತಾರೆ. ಇಲ್ಲಿ ನಡೆದದ್ದು ಅದಕ್ಕೆ ವಿರುದ್ಧ. ದೊರೆತ ಬಿಡುವನ್ನು ಹಳ್ಳಿಗಳಲ್ಲಿ ಜನರನ್ನು ಸಂಘಟಿಸಲು ಬಳಸಲಾಯಿತು. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಅಷ್ಟರಲ್ಲಾಗಲೇ ಸುಮಾರು 400 ಹೆಕ್ಟೇರ್ ಭೂಮಿ ಕಂಪನಿಗೆ ಹೋಗಿತ್ತು. 1987ರ ಮೇ ತಿಂಗಳಲ್ಲಿ ಅಲ್ಲಿ ಅಹಿಂಸಾ ತರಬೇತಿ ಶಿಬಿರ ನಡೆಯಿತು. ಗ್ರಾಮಸ್ಥರದೇ ಆದ ಗುಡ್ಡನಾಡು ಅಭಿವೃದ್ಧಿ ಸಮಿತಿ ಸ್ಥಾಪನೆಯಾಯಿತು. ಸುತ್ತಲಿನ ಊರುಗಳಲ್ಲಿ ಸಭೆಗಳು ನಡೆದವು. ಸತ್ಯಾಗ್ರಹಕ್ಕೆ ಆರಿಸಿಕೊಂಡ ದಿನ ನವೆಂಬರ್ 14, ಎಂದರೆ ಒಪ್ಪಂದದ ಮೂರನೆಯ ವಾರ್ಷಿಕ ದಿನ.

ಅಂದು ಸುಮಾರು 2,000 ಜನ ಕುಸನೂರಿನಲ್ಲಿ ಸೇರಿದರು. ಶಾಲೆಯ ಅಂಗಳದಲ್ಲಿ ಹೆಂಗಸರು, ಗಂಡಸರು, ಮಕ್ಕಳು ಅಹಿಂಸೆಯ ಪ್ರತಿಜ್ಞೆ ಮಾಡಿದರು. ವಾದ್ಯ, ಘೋಷಣೆಗಳೊಡನೆ ಮೆರವಣಿಗೆ ವಿವಾದಿತ ಭೂಮಿಯನ್ನು ತಲುಪಿತು. ಅಲ್ಲಿ ಕಿತ್ತದ್ದು ಕೇವಲ 100 ನೀಲಗಿರಿ ಸಸಿಗಳನ್ನು. ಅವುಗಳ ಜಾಗದಲ್ಲಿ ಊರಿಗೆ ಹಣ್ಣು, ಮೇವು ಕೊಡುವ ಗಿಡಗಳನ್ನು ನೆಡಲಾಯಿತು. ಚದುರುವ ಮುನ್ನ, ನೆಟ್ಟ ಸಸಿಗಳಿಗೆ ನೀರೆರೆದು ಕಾಪಾಡುವುದಾಗಿ ಗ್ರಾಮಸ್ಥರು ಮತ್ತೊಂದು ಪ್ರತಿಜ್ಞೆ ಕೈಗೊಂಡರು.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಸಸಿ ‘ಹಚ್ಚು’ವುದೆಂದರೆ ನೆಡುವುದು. ಸತ್ಯಾಗ್ರಹದ ಹೆಸರಿನ ಎರಡು ಪದಗಳಲ್ಲಿ ಎರಡನೆಯದೇ ಹೆಚ್ಚು ಅರ್ಥಪೂರ್ಣವಾದುದು. ಸಾವಿರಾರು ಸಸಿಗಳನ್ನು ಕಿತ್ತಿದ್ದರೆ ಅದನ್ನು ಆಸ್ತಿನಾಶವೆಂದು ಚಿತ್ರಿಸುವುದು ಸುಲಭವಾಗುತ್ತಿತ್ತು. ನೂರಕ್ಕೆ ನಿಲ್ಲಿಸಿದ್ದರಿಂದ ಕೀಳುವಿಕೆ ಸಾಂಕೇತಿಕವಾಗಿಯೇ ಉಳಿಯಿತು. ನೆಡುವಿಕೆ ಮಾತ್ರ ವಾಸ್ತವವಾಗಿತ್ತು. ಕಿತ್ತ ಸಸಿಯ ಕೆಲಸ ಅಂದಿಗೇ ಮುಗಿಯುತ್ತದೆ. ನೆಟ್ಟ ಸಸಿಗೆ ಮರುದಿನವೂ ನೀರು ಬೇಕು. ಹೀಗೆ ಪ್ರತಿಭಟನೆಯ ದಿನವೇ ಮುಂದಿನ ದಿನಗಳ ಕರ್ತವ್ಯವನ್ನೂ ಊರಿನ ಮೇಲೆ ಹೊರಿಸಿತು. ಚಳವಳಿಯ ನಿರಂತರತೆಯ ಒಂದು ಗುಟ್ಟು ಇಲ್ಲಿದೆ.

ಹಿನ್ನಡೆ ಮತ್ತು ದಾರಿಗಳ ವಿಸ್ತರಣೆ

1988ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆಯನ್ನು ಭಾಗಶಃ ಸಡಿಲಿಸಿ ಮತ್ತಷ್ಟು ಭೂಮಿಯ ವರ್ಗಾವಣೆಗೆ ಅವಕಾಶ ನೀಡಿತು. ಅದೇ ಮುಂಗಾರಿನಲ್ಲಿ ಎರಡನೆಯ ಸತ್ಯಾಗ್ರಹಕ್ಕೆ ಸಿದ್ಧತೆ ನಡೆಯಿತಾದರೂ, ಆಗಸ್ಟ್ 8ರಂದು ಸತ್ಯಾಗ್ರಹಿಗಳು ಕಂಪನಿಯ ಭೂಮಿಯನ್ನು ತಲುಪುವ ಮೊದಲೇ ಪೊಲೀಸರು ಅವರನ್ನು ಬಂಧಿಸಿದರು. ನ್ಯಾಯಾಲಯ ಮತ್ತು ಬಯಲು, ಎರಡೂ ಕಡೆ ದಾರಿ ಕಿರಿದಾದ ಗಳಿಗೆಯಿದು. ಇಂಥ ಹಂತದಲ್ಲಿಯೇ ಅನೇಕ ಚಳವಳಿಗಳು ಬಾಡುತ್ತವೆ.

ಇಲ್ಲಿ ಚಳವಳಿ ತನ್ನ ಕ್ಷೇತ್ರಗಳನ್ನು ಹೆಚ್ಚಿಸಿಕೊಂಡಿತು. 1983ರ ಕಾಯಿದೆಯಂತೆ ರಚನೆಯಾಗಿ 1987ರ ಜನವರಿಯಲ್ಲಿ ಚುನಾವಣೆ ಕಂಡಿದ್ದ ಮಂಡಲ ಪಂಚಾಯತಿಗಳು ಭೂಮಿಯ ವರ್ಗಾವಣೆಯ ವಿರುದ್ಧ ಠರಾವು ಮಾಡಿದವು. ಊರಿನ ಅಭಿಪ್ರಾಯ ಹೀಗೆ ಚುನಾಯಿತ ಸಂಸ್ಥೆಯ ದಾಖಲೆಯಾಗಿ ಮಾರ್ಪಟ್ಟಿತು. ಶಾಸಕರು ಪಕ್ಷಭೇದವಿಲ್ಲದೆ ವಿರೋಧಕ್ಕೆ ದನಿಗೂಡಿಸಿದರು. ಪತ್ರಿಕೆಗಳು ಬರೆದವು. ದೆಹಲಿಯವರೆಗೆ ವಿಷಯ ಚರ್ಚೆಗೆ ಬಂದಿತು. ಸಾಲ ನೀಡುವ ಸಂಸ್ಥೆಗಳನ್ನೂ ಪ್ರಶ್ನಿಸಲಾಯಿತು. ಅವುಗಳಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕೂ ಇದ್ದುದು ಗ್ರಾಮಸ್ಥರ ವಾದಕ್ಕೆ ಬಲವನ್ನೇ ತಂದಿತು. 1988ರ ಡಿಸೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಅರಣ್ಯ ನೀತಿಯು, ಅರಣ್ಯಾಧಾರಿತ ಉದ್ಯಮಗಳು ತಮಗೆ ಬೇಕಾದ ಕಚ್ಚಾವಸ್ತುವನ್ನು ಬೆಳೆಗಾರರೊಡನೆ ನೇರ ಸಂಬಂಧ ಬೆಳೆಸಿಕೊಂಡು ಪಡೆಯುವುದು ಒಳಿತೆಂದು ಹೇಳಿತು. ಮೀಸಲು ತೋಪುಗಳ ವಾದಕ್ಕೆ ಇದರಿಂದ ಹಿನ್ನಡೆಯಾಯಿತು. ಒತ್ತಡಗಳು ಒಂದರ ಮೇಲೊಂದು ಬಿದ್ದು, ಕೊನೆಗೆ 1991ರಲ್ಲಿ ಕೆ.ಪಿ.ಎಲ್. ಮುಚ್ಚಿತು.

ಉಳಿದ ಪ್ರಶ್ನೆ

ಈ ಗೆಲುವಿನ ಮಿತಿಯನ್ನೂ ಗುರುತಿಸಬೇಕಾಗುತ್ತದೆ. ಚಳವಳಿ ರದ್ದುಪಡಿಸಿದ್ದು ಒಂದು ವರ್ಗಾವಣೆಯನ್ನು. ವರ್ಗಾವಣೆಗೆ ಅವಕಾಶ ಕೊಟ್ಟ ಒಡೆತನದ ಸ್ವರೂಪ ಹಾಗೆಯೇ ಉಳಿಯಿತು. ಸಾಮೂಹಿಕ ಭೂಮಿ ದಾಖಲೆಯಲ್ಲಿ ಸರ್ಕಾರದ್ದಾಗಿಯೇ ಇರುವುದರಿಂದ, ಅದು ಒಂದು ಕಾಲಕ್ಕೆ ಉದ್ಯಮಕ್ಕೆ, ಇನ್ನೊಂದು ಕಾಲಕ್ಕೆ ಒತ್ತುವರಿಗೆ ಎರವಾಗುವ ಸಾಧ್ಯತೆ ಅಳಿಯಲಿಲ್ಲ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿಗಳನ್ನು ತೆರವುಗೊಳಿಸಿ ಊರಿನ ಬಳಕೆಗೆ ಮರಳಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಬೇಕಾಗಿ ಬಂದುದೇ ಈ ಸಮಸ್ಯೆಯ ಆಳಕ್ಕೆ ಸಾಕ್ಷಿ.

ಆದರೆ ಸಂಘಟನೆಯ ಅನುಭವ ವ್ಯರ್ಥವಾಗಲಿಲ್ಲ. 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದು ಇದೇ ಸಮಾಜ ಪರಿವರ್ತನ ಸಮುದಾಯ. 2011ರಲ್ಲಿ ಗಣಿಗಾರಿಕೆಗೆ ತಡೆ ಬಿದ್ದಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ತೀವ್ರ ಉಲ್ಲಂಘನೆಯ ‘ಸಿ’ ವರ್ಗಕ್ಕೆ ಸೇರಿದ ಗಣಿ ಗುತ್ತಿಗೆಗಳು ರದ್ದಾದವು. ತುಂಗಭದ್ರೆಯ ನೀರಿನಿಂದ ಕುಸನೂರಿನ ಗುಡ್ಡಕ್ಕೆ, ಅಲ್ಲಿಂದ ಬಳ್ಳಾರಿಯ ಅದಿರಿಗೆ ಹರಿದುಬಂದದ್ದು ಒಂದೇ ವಿವೇಕ: ದಾಖಲೆಯನ್ನು ಕೈಯಲ್ಲಿ ಹಿಡಿಯಬೇಕು, ನ್ಯಾಯಾಲಯವನ್ನು ಬಳಸಬೇಕು, ಆದರೆ ಅದೊಂದನ್ನೇ ನಂಬಿ ಕೂರಬಾರದು.

ಒಟ್ಟಿನಲ್ಲಿ, ಜನಚಳವಳಿಯ ನಿರಂತರತೆ ಆವೇಶದ ತೀವ್ರತೆಯನ್ನು ಮಾತ್ರ ಅವಲಂಬಿಸಿದುದಲ್ಲ ಎಂಬುದನ್ನು ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ ಸ್ಪಷ್ಟಪಡಿಸುತ್ತದೆ. ಒಂದು ದಾರಿ ಮುಚ್ಚಿದಾಗ ಮತ್ತೊಂದನ್ನು ತೆರೆದಿಟ್ಟುಕೊಂಡಿರುವ ಸಿದ್ಧತೆ, ವಿರೋಧದ ಜೊತೆಗೆ ಪರ್ಯಾಯವನ್ನೂ ನೆಲದಲ್ಲಿ ಊರುವ ಜವಾಬ್ದಾರಿ, ಊರಿನವರದೇ ಆದ ಸಂಘಟನೆ, ಇವು ಆ ಹೋರಾಟವನ್ನು ಏಳು ವರ್ಷ ನಡೆಸಿದವು. ಕೀಳುವ ಕೈಯೇ ಹಚ್ಚುವ ಕೈಯೂ ಆದಾಗ ಪ್ರತಿಭಟನೆಗೆ ನೆಲೆ ದೊರೆಯುತ್ತದೆ. ಆ ನೆಲದ ಹಕ್ಕನ್ನು ಊರಿನ ಹೆಸರಿಗೆ ಭದ್ರಪಡಿಸುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ.