ಜ್ವರ ಬಿಟ್ಟರೂ ಮಂಕು ಬಿಡದವರಿಗೆ ಆಯಸ್ಕಾಂತದ ಮದ್ದು

ಕೊರೋನಾ ಬಂದು ಹೋದ ಮೇಲೆ ಕೆಲವರು ಮೊದಲಿನಂತಾಗಲೇ ಇಲ್ಲ. ಜ್ವರ ಇಳಿಯಿತು, ಕೆಮ್ಮು ನಿಂತಿತು, ರಿಪೋರ್ಟು ನೆಗೆಟಿವ್ ಬಂತು. ಆದರೆ ಅಂಗಡಿ ಬಾಗಿಲು ತೆಗೆಯಲು ಮನಸ್ಸಿಲ್ಲ, ಗಿರಾಕಿ ಮಾತಾಡಿಸಿದರೆ ಉತ್ತರವಿಲ್ಲ, ರಾತ್ರಿ ನಿದ್ದೆಯಿಲ್ಲ. ಮನೆಯವರು ಸೋಮಾರಿತನ ಅಂದರು, ಪಕ್ಕದವರು ದೃಷ್ಟಿ ತಾಗಿದೆ ಅಂದರು. ಎರಡೂ ಅಲ್ಲ ಸ್ವಾಮಿ, ಇದು ಖಿನ್ನತೆ. ವೈರಸ್ ಕಾಯಿಲೆಯ ಬೆನ್ನಿಗೆ ಇದು ಬರುವುದು ಹೊಸದೂ ಅಲ್ಲ. 1918ರ ಇನ್‌ಫ್ಲುಯೆಂಜಾ ಕಾಲದ ವೈದ್ಯರೇ ಬರೆದಿಟ್ಟಿದ್ದಾರೆ.

ಇದಕ್ಕೆ ಮೊದಲ ಮದ್ದು ಮಾತ್ರೆ ಮತ್ತು ಸಮಾಲೋಚನೆ. ಬಹಳ ಮಂದಿ ಅದರಲ್ಲೇ ಸುಧಾರಿಸುತ್ತಾರೆ. ಮಾತ್ರೆಗೆ ಜಗ್ಗದವರಿಗೆ ಟಿ.ಎಂ.ಎಸ್. ಎಂಬ ಇನ್ನೊಂದು ದಾರಿಯುಂಟು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಮಾಡಿ ತೋರಿಸಿದ ಯಂತ್ರವಿದು. ಖಿನ್ನತೆಗೆ ಬಳಸಲು ಅಮೆರಿಕ 2008ರಲ್ಲಿ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಚಿಕಿತ್ಸೆ ಇದೆ.

ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಮಂಪರು ಕೊಡುವುದಿಲ್ಲ. ಎಡಹಣೆಯ ಮೇಲ್ಭಾಗಕ್ಕೆ ತಂತಿಯ ಸುರುಳಿ ಹಿಡಿಯುತ್ತಾರೆ. ಅದರಲ್ಲಿ ಕರೆಂಟು ಬಿಟ್ಟು ಬಿಟ್ಟು ಹರಿದಾಗ ಹುಟ್ಟುವ ಆಯಸ್ಕಾಂತ ಬಲ ಬುರುಡೆ ದಾಟಿ, ಮಂಕಾದ ನರಕೋಶಗಳನ್ನು ತಟ್ಟಿ ಎಬ್ಬಿಸುತ್ತದೆ. ಟಕಟಕ ಸದ್ದು ಜೋರು, ಅದಕ್ಕೇ ಕಿವಿಗೆ ಬಿರಡೆ. ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂತಿರುತ್ತಾನೆ. ಸಿನಿಮಾದಲ್ಲಿ ತೋರಿಸುವ 'ಶಾಕ್' ಇದಲ್ಲ. (ಆ ದೃಶ್ಯಗಳು ಎಷ್ಟು ಜನರನ್ನು ಆಸ್ಪತ್ರೆ ಬಾಗಿಲಿಂದಲೇ ವಾಪಸು ಕಳಿಸಿವೆಯೋ!) ಕೆಲವರಿಗೆ ತಲೆನೋವು ಬರುತ್ತೆ, ಬಲು ಅಪರೂಪಕ್ಕೆ ಫಿಟ್ಸ್. ತಲೆಯೊಳಗೆ ಲೋಹದ ಕ್ಲಿಪ್ಪು ಹಾಕಿಸಿಕೊಂಡವರು, ಪೇಸ್‌ಮೇಕರ್ ಇರುವವರು, ಹಿಂದೆ ಫಿಟ್ಸ್ ಬಂದವರು ಮೊದಲೇ ಬಾಯಿಬಿಟ್ಟು ಹೇಳಬೇಕು.

ಎಲ್ಲರಿಗೂ ಗುಣವಾಗುವುದಿಲ್ಲ. ಕೊರೋನಾ ನಂತರದ ಖಿನ್ನತೆಗೇ ಎಂದು ನಡೆದ ಪರೀಕ್ಷೆಗಳು ಚಿಕ್ಕವು, ಈಗಿನ ಭರವಸೆಯೆಲ್ಲ ಸಾಮಾನ್ಯ ಖಿನ್ನತೆಯ ಅನುಭವದ ಮೇಲೆ ನಿಂತಿದೆ. 'ಒಂದೇ ಸಿಟ್ಟಿಂಗಿಗೆ ವಾಸಿ' ಅಂತ ಬೋರ್ಡು ಹಾಕಿದವರನ್ನು ನಂಬಿ ಹೋಗಬೇಡಿ.

ಇನ್ನು ಅಸಲು ತಾಪತ್ರಯ. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ ಹೋಗಬೇಕು. ಹಳೆಯ ಕ್ರಮದಲ್ಲಿ ದಿನಕ್ಕೆ ಅರ್ಧ ಗಂಟೆಗೂ ಮೇಲೆ, 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹೊಸ ಕ್ರಮದಲ್ಲಿ ಬರೀ ಮೂರು ನಿಮಿಷ. ತುಮಕೂರಿನವರು ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ ಸಂಜೆಗೆ ಬರಬಹುದು. ಬೀದರಿನವರು? ಮೂರು ನಿಮಿಷಕ್ಕಾಗಿ ರಾತ್ರಿಯಿಡೀ ಬಸ್ಸು, ತಿಂಗಳಿಡೀ ಲಾಡ್ಜು. ಅಂಗಡಿಗೆ ಬೀಗ. ಮನೆ ಬಿಟ್ಟು ಏಳಲೂ ಮನಸ್ಸಿಲ್ಲದವನಿಗೆ ಹೇಳುವ ಮಾತೇ ಇದು?

ಮಾನಸಿಕ ಕಾಯಿಲೆಯ ಮಾತ್ರೆಯನ್ನು ಹಳ್ಳಿ ಆಸ್ಪತ್ರೆಗೆ ತಲುಪಿಸುವ ಪ್ರಯೋಗದಲ್ಲಿ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆ ದೇಶಕ್ಕೇ ಮಾದರಿಯಾಗಿತ್ತು. ಈ ಯಂತ್ರವೂ ಜಿಲ್ಲಾ ಆಸ್ಪತ್ರೆಗಳಿಗೆ ಬರಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ಅಲ್ಲಿಯವರೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಅದಕ್ಕೂ ಸಂಕೋಚವಾದರೆ ಟೆಲಿ-ಮನಸ್ 14416ಕ್ಕೆ ಫೋನು ಮಾಡಬಹುದು. ಕಾಸಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.