ಅಂಗಳದ ಅಂಬಾಸಿಡರ್: ಉಳಿಸುವುದೋ, ಕಳಿಸುವುದೋ?

ಅರಸೀಕೆರೆ ತಾಲ್ಲೂಕಿನ ಗಂಡಸಿ ತೆಂಗಿನ ಸೀಮೆಯ ಒಂದು ಹೋಬಳಿ ಕೇಂದ್ರ. ಇಲ್ಲಿನ ರೈತರಿಗೆ ಕಾಯುವುದು ಹೊಸದೇನಲ್ಲ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಕತ್ತಲಲ್ಲಿ ಕುಳಿತು, ಒಳಗಿನ ನೀರು ಹಿಂಗಿ, ಉಂಡೆ ಕೊಬ್ಬರಿಯಾಗುತ್ತದೆ. ಆತುರಪಟ್ಟು ಒಡೆದವನಿಗೆ ಕೊಬ್ಬರಿಯೂ ಇಲ್ಲ, ತಿಪಟೂರಿನ ಪೇಟೆಯ ಬೆಲೆಯೂ ಇಲ್ಲ. ಇಟ್ಟಷ್ಟೂ ಲಾಭ ಎಂಬುದು ಅಟ್ಟ ಕಲಿಸುವ ಪಾಠ.

ಆದರೆ ಅದೇ ಮನೆಯ ಮಗ್ಗುಲಲ್ಲಿ, ಶೀಟು ಹೊದಿಸಿದ ಕೊಟ್ಟಿಗೆಯಲ್ಲಿ ನಿಂತಿರುವ ಅಂಬಾಸಿಡರ್ ಕಾರಿಗೆ ಈ ಪಾಠ ಅನ್ವಯಿಸುವುದಿಲ್ಲ. ನಿಂತಷ್ಟೂ ಅದು ಕೆಡುತ್ತದೆ. ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವೇನಲ್ಲ. ಎಪ್ಪತ್ತು ದಾಟಿದ ತಂದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ. ನಡುವೆ 1980ರ ದಶಕದ ಒಂದು ಕಾರು. ಹಬ್ಬಕ್ಕೆ ಬಂದ ಮಗ, ‘ಅಪ್ಪಾಜಿ, ಇದನ್ನು ಕೊಟ್ಟು ಹೊಸದೊಂದು ತಗೊಳ್ಳೋಣ’ ಎನ್ನುತ್ತಾನೆ. ‘ನಿನ್ನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದು ಇದರಲ್ಲೇ ಕಣಪ್ಪ’ ಎಂಬಲ್ಲಿಗೆ ತಂದೆಯ ಉತ್ತರ ಮುಗಿಯುತ್ತದೆ. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡುವುದಿಲ್ಲ.

ಇದು ಭಾವನೆಗೂ ಲೆಕ್ಕಕ್ಕೂ ನಡೆಯುವ ಜಗಳ ಎಂದು ತೋರುತ್ತದೆ. ವಿಚಾರಿಸಿ ನೋಡಿದರೆ ಹಾಗಲ್ಲ. ಲೆಕ್ಕ ಎಲ್ಲ ಸಲವೂ ಮಗನ ಪರವಾಗಿರುವುದಿಲ್ಲ. ಭಾವನೆ ಎಲ್ಲ ಸಲವೂ ಕಾರಿನ ಪರವಾಗಿರುವುದಿಲ್ಲ.

ಮನೆಯ ಸದಸ್ಯನಾದ ಬಗೆ

ಈ ಕಾರು ಇಷ್ಟೊಂದು ಮನಸ್ಸಿಗೆ ಹತ್ತಿಕೊಂಡದ್ದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯನ್ನು ಆಧರಿಸಿ, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಲ್ಲಿ ಅಂಬಾಸಿಡರ್ ತಯಾರಿಸತೊಡಗಿತು. ಪರವಾನಗಿಯ ಆ ಯುಗದಲ್ಲಿ ಕೊಳ್ಳುವವನ ಮುಂದಿದ್ದುದು ಹೆಚ್ಚೆಂದರೆ ಮೂರು ಆಯ್ಕೆ: ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಹಣ ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಕಾದು ಪಡೆದದ್ದನ್ನು ಸುಲಭವಾಗಿ ಬಿಟ್ಟುಕೊಡಲು ಯಾರಿಗೂ ಮನಸ್ಸು ಬಾರದು.

ಹಾಸನ ಸೀಮೆಯಲ್ಲಿ ಇನ್ನೂ ಒಂದು ಕಾರಣ ಸೇರಿತು. ಅರಸೀಕೆರೆ ರೈಲು ಜಂಕ್ಷನ್. ರೈಲಿಳಿದವರು ಬೇಲೂರು, ಹಳೇಬೀಡಿನತ್ತ ಹೋಗಲು ಹತ್ತುತ್ತಿದ್ದುದು ಇದೇ ಕಾರನ್ನು. ಮುಂದೆ ಟಾರ್ಷನ್ ಬಾರ್, ಹಿಂದೆ ಗಟ್ಟಿ ಎಲೆಪಟ್ಟಿ ಸ್ಪ್ರಿಂಗು ಇದ್ದುದರಿಂದ ಜಲ್ಲಿ ಕಿತ್ತ ರಸ್ತೆಯೂ ತೋಟದ ಗಾಡಿಜಾಡೂ ಅದಕ್ಕೆ ಒಂದೇ. ಮದುವೆ ದಿಬ್ಬಣ, ಹೆರಿಗೆ, ಜೇನುಕಲ್ ಬೆಟ್ಟದ ಜಾತ್ರೆ, ಚುನಾವಣೆಯ ಪ್ರಚಾರ, ಡಿಕ್ಕಿಯ ತುಂಬ ಕೊಬ್ಬರಿ ಚೀಲ — ಎಲ್ಲಕ್ಕೂ ಒಂದೇ ವಾಹನ. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿಸಿಕೊಂಡು, ಚಕ್ರದಡಿ ನಿಂಬೆಹಣ್ಣು ಜಜ್ಜಿಸಿಕೊಂಡು ಅದು ಮನೆಯವರ ಸಾಲಿಗೇ ಸೇರಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ಕಾಲ ಬದಲಾಯಿತು. ಆ ದಶಕದಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಮೀರಿ ಮಾರಾಟವಾಗುತ್ತಿದ್ದ ಅಂಬಾಸಿಡರ್, 2014ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಸುಮಾರು 2,200ಕ್ಕೆ ಇಳಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆ ಕೆಲಸ ನಿಲ್ಲಿಸಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದಾಗ ಯೆಜ್ಡಿ ಬೈಕು ಇಟ್ಟುಕೊಂಡವರಿಗೆ ಎದುರಾದ ಪ್ರಶ್ನೆಯೇ ಈಗ ಈ ಕಾರಿನ ಯಜಮಾನರ ಮುಂದೆ ಬಂದಿದೆ: ತಯಾರಿಸಿದವನೇ ಕೈಬಿಟ್ಟ ಮೇಲೆ ಸಾಕುವುದು ಹೇಗೆ?

ಕಾನೂನಿನ ಕಣ್ಣಲ್ಲಿ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಹದಿನೈದು ವರ್ಷ ತುಂಬಿದ ಖಾಸಗಿ ಕಾರನ್ನು ಗುಜರಿಗೆ ಹಾಕಲೇಬೇಕೆಂಬ ಕಾನೂನು ದೇಶಕ್ಕೆಲ್ಲ ಅನ್ವಯಿಸುವಂತೆ ಇಲ್ಲ. ದೆಹಲಿಯ ಸುತ್ತಮುತ್ತ ಮಾಲಿನ್ಯದ ಕಾರಣಕ್ಕೆ ಹೊರಟ ಆದೇಶಗಳ ಸುದ್ದಿ ಕೇಳಿ ಹಳ್ಳಿಯವರೂ ಗಾಬರಿಯಾಗುವುದುಂಟು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು.

ಏರಿರುವುದು ಶುಲ್ಕ. 2022ರ ಏಪ್ರಿಲ್ 1ರವರೆಗೆ 600 ರೂಪಾಯಿ ಇದ್ದ ನವೀಕರಣ ಶುಲ್ಕ ಅಂದಿನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಲಾಯಿತು. ಹಸಿರು ತೆರಿಗೆ, ಹೊಗೆ ತಪಾಸಣೆ, ಮೂರನೆಯವರ ವಿಮೆ ಬೇರೆ. ಆದರೂ ಹತ್ತು ಸಾವಿರವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಎರಡು ಸಾವಿರ. ಕಾರನ್ನು ಮನೆಯಿಂದ ಓಡಿಸುವಷ್ಟು ದೊಡ್ಡ ಮೊತ್ತ ಅದಲ್ಲ.

2021ರಲ್ಲಿ ಕೇಂದ್ರ ಸರ್ಕಾರ ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲರೂಪದಲ್ಲಿಯೇ ಉಳಿದಿರುವ ಕಾರು, ಬೈಕುಗಳು ಈ ವರ್ಗಕ್ಕೆ ಸೇರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000. ಹಳೆಯ ನೋಂದಣಿ ಸಂಖ್ಯೆಯನ್ನೇ ಉಳಿಸಿಕೊಳ್ಳುವ ಅವಕಾಶವೂ ಇದೆ. ಆದರೆ ಗೌರವದ ಜೊತೆಗೆ ಕಟ್ಟುಪಾಡೂ ಇದೆ: ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಇಂಥ ಕಾರಣಗಳಿಗಷ್ಟೇ ರಸ್ತೆಗಿಳಿಯಬೇಕು. ದಿನಬಳಕೆಗೆ ಅವಕಾಶವಿಲ್ಲ.

1960ರ ದಶಕದ ಮಾರ್ಕ್ 2 ಅಂಬಾಸಿಡರ್ ಈ ವಯಸ್ಸು ದಾಟಿದೆ. 1980ರ ದಶಕದ ಕಾರಿಗೆ ಇನ್ನೂ ಆ ಯೋಗ ಬಂದಿಲ್ಲ. ಮುದುಕನೆಂದು ಹೆಚ್ಚಿನ ಶುಲ್ಕ, ಹಿರಿಯನೆಂದು ಮರ್ಯಾದೆ ಇಲ್ಲ — ಅದರ ಸ್ಥಿತಿ ಹೀಗಿದೆ. ಹೆಚ್ಚಿನ ಕಾರುಗಳು ಗುಜರಿಗೆ ಹೋಗುವುದು ಈ ನಡುವಯಸ್ಸಿನಲ್ಲೇ. ಪೆಟ್ರೋಲ್ ಎಂಜಿನ್ ಕಿತ್ತು ಬೇರೆ ಡೀಸೆಲ್ ಎಂಜಿನ್ ಕೂರಿಸಿದ್ದರೆ ಮುಂದೆ ಮೂಲರೂಪದ ಮಾತೇ ಬಾರದು. ಆ ಬದಲಾವಣೆ ನೋಂದಣಿ ಪುಸ್ತಕದಲ್ಲಿ ದಾಖಲಾಗದಿದ್ದರೆ ನವೀಕರಣಕ್ಕೂ ತೊಡಕು.

ಪೆನ್ನು ಹಿಡಿದು ಕೂತರೆ

ಹಳೆಯ ಕಾರು ಪೆಟ್ರೋಲ್ ಕುಡಿಯುತ್ತದೆ ಎಂಬುದು ನಿಜ. ಅದು ಲೀಟರಿಗೆ 10 ಕಿಲೋಮೀಟರ್, ಹೊಸ ಸಣ್ಣ ಕಾರು 18 ಕಿಲೋಮೀಟರ್ ಓಡುತ್ತದೆ, ಪೆಟ್ರೋಲಿಗೆ 100 ರೂಪಾಯಿ ಎಂದು ಹಿಡಿಯೋಣ. ವರ್ಷಕ್ಕೆ 3,000 ಕಿಲೋಮೀಟರ್ ಓಡಿಸುವವನಿಗೆ ಹಳೆಯದರಲ್ಲಿ 30,000 ರೂಪಾಯಿ, ಹೊಸದರಲ್ಲಿ ಸುಮಾರು 16,700 ರೂಪಾಯಿ ಖರ್ಚು. ಉಳಿತಾಯ 13,300. ಆರೇಳು ಲಕ್ಷದ ಹೊಸ ಕಾರಿನ ಮೊದಲ ವರ್ಷದ ಬೆಲೆ ಕುಸಿತ, ಪೂರ್ಣ ವಿಮೆ, ಸಾಲದ ಬಡ್ಡಿಯ ಮುಂದೆ ಈ ಉಳಿತಾಯ ಏನೂ ಅಲ್ಲ. ಸಂತೆಗೆ, ಮದುವೆಗೆ, ತಿಂಗಳಿಗೊಮ್ಮೆ ಹಾಸನಕ್ಕೆ ಹೋಗುವವನು ಹಣ ಉಳಿಸಲೆಂದು ಹೊಸ ಕಾರು ಕೊಳ್ಳುತ್ತೇನೆ ಎಂದರೆ ಲೆಕ್ಕ ಒಪ್ಪುವುದಿಲ್ಲ.

ಅದೇ ವರ್ಷಕ್ಕೆ 15,000 ಕಿಲೋಮೀಟರ್ ಓಡಿಸುವವನಿಗೆ ವ್ಯತ್ಯಾಸ 66,000 ರೂಪಾಯಿ ದಾಟುತ್ತದೆ. ಅದರ ಮೇಲೆ ದುರಸ್ತಿಯ ಖರ್ಚು, ಗ್ಯಾರೇಜಿನಲ್ಲಿ ಕಳೆದ ದಿನಗಳು. ಅಲ್ಲಿ ಮಗನ ಮಾತೇ ಸರಿ. ಆದ್ದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಕಾರಿಗೆ ಎಷ್ಟು ವರ್ಷವಾಯಿತು ಎಂಬುದಲ್ಲ. ಅದು ವರ್ಷಕ್ಕೆ ಎಷ್ಟು ಓಡುತ್ತದೆ ಎಂಬುದು.

ಯಂತ್ರದ ನಾಡಿ

ಎರಡನೆಯ ಪ್ರಶ್ನೆ, ರೋಗ ಎಲ್ಲಿದೆ? ಎಂಜಿನ್ ಕೆಟ್ಟರೆ ಹೆದರಬೇಕಿಲ್ಲ. ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್ ಪಾಯಿಂಟು, ಪಿಸ್ಟನ್ ರಿಂಗು ಇವೆಲ್ಲ ಲೇತ್ ಬಲ್ಲ ಮೆಕ್ಯಾನಿಕ್‌ನ ಕೈಗೆ ಎಟಕುವ ಕೆಲಸ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿಯಲ್ಲೂ ಹುಡುಕಿದರೆ ದಾರಿ ಸಿಕ್ಕೀತು. ಭಯಪಡಬೇಕಾದದ್ದು ತುಕ್ಕಿಗೆ. ಲಾರಿಗೆ ಇರುವಂತೆ ಪ್ರತ್ಯೇಕ ಚಾಸಿ ಈ ಕಾರಿಗಿಲ್ಲ. ತಗಡಿನ ಮೈಯೇ ಅದರ ಎಲುಬು. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಸ್ಪ್ರಿಂಗು ಕೂರುವ ಜಾಗ ತುಕ್ಕು ಹಿಡಿದು ಪುಡಿಯಾಗಿದ್ದರೆ ಬಣ್ಣ ಬಳಿದು ಮುಚ್ಚುವುದು ಅಪಾಯ. ಒಂದು ಸ್ಕ್ರೂಡ್ರೈವರ್‌ನಿಂದ ಅಡಿಯಲ್ಲಿ ತಟ್ಟಿ ನೋಡಿದರೆ ಅರ್ಧ ಸತ್ಯ ಅಲ್ಲೇ ತಿಳಿಯುತ್ತದೆ.

ಇಂಧನವೂ ಬದಲಾಗಿದೆ. ಹಿಂದಿನ ಪೆಟ್ರೋಲಿನಲ್ಲಿದ್ದ ಸೀಸ ಕವಾಟದ ಪೀಠಗಳಿಗೆ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ. ಹಳೆಯ ಎಂಜಿನ್‌ಗೆ ಮಾತ್ರ ಗಟ್ಟಿ ಲೋಹದ ಕವಾಟ ಪೀಠ ಕೂರಿಸಬೇಕಾಗುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಇಂಧನದ ಕೊಳವೆ, ಪಂಪಿನ ಪರೆಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ನಿಲ್ಲದಂತೆ ನೋಡಿಕೊಂಡರೆ ನಿಭಾಯಿಸಬಹುದು. ಹೀಗೆ ಸಾಕುವವನು ವಾರಕ್ಕೊಮ್ಮೆಯಾದರೂ ಓಡಿಸಲೇಬೇಕು. ನಿಂತ ಕಾರಿನ ಬ್ರೇಕು ಹಿಡಿದುಕೊಳ್ಳುತ್ತದೆ, ಬ್ಯಾಟರಿ ಸಾಯುತ್ತದೆ, ವೈರುಗಳು ಇಲಿಗಳ ಪಾಲಾಗುತ್ತವೆ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಗಂಭೀರ: ಅದರಲ್ಲಿ ಯಾರು ಕೂರುತ್ತಾರೆ, ಯಾವ ರಸ್ತೆಯಲ್ಲಿ? ತಗಡು ದಪ್ಪ, ಆದ್ದರಿಂದ ಗಟ್ಟಿ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಅಪಘಾತದಲ್ಲಿ ಪೆಟ್ಟನ್ನು ತಾನೇ ನುಂಗಿ ಒಳಗಿನವರನ್ನು ಉಳಿಸುವಂತೆ ಹೊಸ ಕಾರುಗಳ ಮುಂಭಾಗವನ್ನು ರೂಪಿಸಿರುತ್ತಾರೆ. 2019ರಲ್ಲಿ ಹೊಸ ಕಾರುಗಳಿಗೆ ಚಾಲಕನ ಗಾಳಿಚೀಲವೂ, ಚಕ್ರ ಹಿಡಿದುಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕೂ ಕಡ್ಡಾಯವಾದವು. ಹಳೆಯ ಅಂಬಾಸಿಡರ್‌ನಲ್ಲಿ ಇವು ಯಾವುವೂ ಇಲ್ಲ; ಎಷ್ಟೋ ಕಾರುಗಳಲ್ಲಿ ಸೀಟು ಬೆಲ್ಟೂ ಇಲ್ಲ. ಊರಿಂದ ತೋಟಕ್ಕೆ ನಿಧಾನವಾಗಿ ಹೋಗುವುದು ಒಂದು. ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ರಾತ್ರಿ ಬೆಂಗಳೂರಿಗೆ ಹೋಗುವುದು ಇನ್ನೊಂದು. ನೆನಪುಗಳ ಸಲುವಾಗಿ ಮೊಮ್ಮಕ್ಕಳ ಸುರಕ್ಷತೆಯನ್ನು ಪಣಕ್ಕಿಡಲಾಗದು.

ಬೇಲೂರು ಕಲಿಸುವುದು

ಹಾಗಿದ್ದರೂ ಒಂದು ಸಂದೇಹ ಉಳಿಯುತ್ತದೆ. ಎಂಜಿನ್ ಬದಲಾಗಿ, ನೆಲದ ತಗಡು ಬದಲಾಗಿ, ಸೀಟು, ಬಣ್ಣ ಎಲ್ಲ ಬದಲಾದ ಮೇಲೆ ಅದು ಅಪ್ಪ ಕೊಂಡ ಕಾರೇ ಹೌದೆ? ಇದಕ್ಕೆ ಉತ್ತರ ಗಂಡಸಿಯಿಂದ ದೂರವೇನಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ ಪ್ರತಿಷ್ಠಾಪಿಸಿದ್ದು 1117ರಲ್ಲಿ. ಇಂದು ನಾವು ಒಳಹೊಗುವ ಮಹಾದ್ವಾರದ ಗೋಪುರ ಹೊಯ್ಸಳರದಲ್ಲ. 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ ಅದನ್ನು ಕಟ್ಟಿಸಿದ. ಗರ್ಭಗುಡಿಯ ಮೇಲಿದ್ದ ಶಿಖರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ, ಕೆಳಗಿನ ಕಟ್ಟಡಕ್ಕೆ ಭಾರವಾಗುತ್ತದೆಂದು ಇಳಿಸಿಬಿಟ್ಟರು. ಕೂಡಿಸಿದ್ದೂ ಉಂಟು, ಕಳೆದದ್ದೂ ಉಂಟು. ಆದರೂ 2023ರ ಸೆಪ್ಟೆಂಬರಿನಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆಗೆ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಹೊಯ್ಸಳರ ದೇವಾಲಯವಾಗಿಯೇ. ಒಂಬತ್ತು ಶತಮಾನ ಅದು ಉಳಿದದ್ದು ಯಾರೂ ಮುಟ್ಟದೆ ಬಿಟ್ಟಿದ್ದರಿಂದಲ್ಲ. ಪೂಜೆ ನಿಲ್ಲದೆ, ಬೇಕಾದಾಗ ರಿಪೇರಿ ನಡೆದದ್ದರಿಂದ.

ಕಾರನ್ನು ಗುಡಿಗೆ ಹೋಲಿಸುವುದು ಅತಿಯಾಯಿತು ಎನಿಸಬಹುದು. ಸೂತ್ರ ಮಾತ್ರ ಒಂದೇ: ಮೂಲದ ಭಾರ ಹೊರುವ ಭಾಗ ಉಳಿದಿದ್ದರೆ ಉಳಿದದ್ದನ್ನು ಬದಲಿಸಿಯಾದರೂ ಕಾಪಾಡಬಹುದು. ಅದೇ ಹೋಗಿದ್ದರೆ ಉಳಿಯುವುದು ಬರಿಯ ಹೆಸರು.

ಕೊಟ್ಟಿಗೆಗೂ ಗುಜರಿಗೂ ನಡುವೆ ಬೇರೆ ದಾರಿಗಳೂ ಇವೆ. ದೂರದ ಪಯಣಕ್ಕೆ ಸುರಕ್ಷಿತವಾದ ಸಾಧಾರಣ ಕಾರೊಂದನ್ನು ತಂದು, ಹಳೆಯದನ್ನು ಊರ ಓಡಾಟಕ್ಕೆ, ಹಬ್ಬಕ್ಕೆ ಇಟ್ಟುಕೊಳ್ಳುವುದು ಒಂದು. ಸಾಕುವ ಶಕ್ತಿ, ಆಸೆ ಎರಡೂ ಇರುವ ಹವ್ಯಾಸಿಯ ಕೈಗೆ ಒಪ್ಪಿಸುವುದು ಇನ್ನೊಂದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವೂ ಹಳೆಯ ಕಾರುಗಳಿಗೆ ಈ ನಾಡಿನಲ್ಲಿ ಗೌರವದ ನೆಲೆ ಇದೆಯೆಂಬುದನ್ನು ತೋರಿಸಿಕೊಟ್ಟಿವೆ. ಇನ್ನು ಎಲುಬೇ ತುಕ್ಕು ಹಿಡಿದಿದ್ದರೆ, ದಾರಿಯ ಗುಜರಿಯವನಿಗೆ ಕೊಡದೆ ನೋಂದಾಯಿತ ಗುಜರಿ ಕೇಂದ್ರಕ್ಕೇ ಒಪ್ಪಿಸಬೇಕು. ಅಲ್ಲಿ ಸಿಗುವ ಪ್ರಮಾಣಪತ್ರದಿಂದ ಹೊಸ ಕಾರಿನ ನೋಂದಣಿ ಶುಲ್ಕ ಮಾಫಿಯಾಗುತ್ತದೆ. ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ನಿಯಮದಲ್ಲಿ ಅವಕಾಶವಿದೆ. ಎಲ್ಲಕ್ಕಿಂತ ಮುಖ್ಯ, ಕಾರಿನ ಹೆಸರಿನಲ್ಲಿ ನಾಳೆ ಯಾವ ಮೊಕದ್ದಮೆಯೂ ಮನೆಗೆ ಬಾರದು.

ಎಲ್ಲಕ್ಕಿಂತ ಕೆಟ್ಟ ತೀರ್ಮಾನವೆಂದರೆ ತೀರ್ಮಾನವನ್ನೇ ಮಾಡದಿರುವುದು. ಮಾರಲು ಮನಸ್ಸಿಲ್ಲ, ರಿಪೇರಿಗೆ ಬಿಡುವಿಲ್ಲ ಎಂದು ಹುಣಸೆ ಮರದಡಿ ನಿಲ್ಲಿಸಿದ ಕಾರು ನಾಲ್ಕೈದು ಮಳೆಗಾಲಕ್ಕೆ ಕೋಳಿಗೂಡಾಗುತ್ತದೆ. ಪ್ರೀತಿಯ ಹೆಸರಿನಲ್ಲಿ ನಡೆಯುವ ಈ ಅಲಕ್ಷ್ಯ ಗುಜರಿಯವನ ಸುತ್ತಿಗೆಗಿಂತ ನಿಧಾನ, ಅಷ್ಟೆ. ಅಟ್ಟದ ಕಾಯಿಯನ್ನೂ ಗಂಡಸಿಯ ರೈತ ಹಾಕಿ ಮರೆಯುವುದಿಲ್ಲ. ಆಗಾಗ ಹತ್ತಿ ನೋಡಿ, ಕೊಳೆತದ್ದನ್ನು ಬೇರೆ ಮಾಡುತ್ತಾನೆ. ತಂದೆಯೂ ಮಗನೂ ಒಟ್ಟಿಗೆ ಕೊಟ್ಟಿಗೆಗೆ ಹೋಗಿ, ಬಾನೆಟ್ ಎತ್ತಿ, ಅಡಿಯ ತಗಡನ್ನು ತಟ್ಟಿ ನೋಡಿದರೆ ಉತ್ತರ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.